ಕಾಲಂಗುಲದ ಟೇಪಿನ ಮೇಲೊಂದು ಹಿರಿಯ ಚಿತ್ರ

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಪ್ಲಾಸ್ಟಿಕ್ ಕರಡಿಗೆ. ಅದರೊಳಗೆ ಎರಡು ಪುಟ್ಟ ಗಾಲಿಗಳಿಗೆ ಸುತ್ತಿಕೊಂಡಿರುವ, ಕಾಲಂಗುಲ ಅಗಲದ, ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟೇ ದಪ್ಪವುಳ್ಳ, ಎಪ್ಪತ್ತು ಮೀಟರಿಗೆ ಸಮೀಪಿಸುವ ಉದ್ದದ ಕಾಂತೀಯ ಟೇಪು. ಮಿನಿ ಡಿವಿ ಎಂಬ ಹೆಸರಿನಿಂದ 1995ರಲ್ಲಿ ಬಳಕೆಗೆ ಬಂದ ಈ ಕ್ಯಾಸೆಟ್ಟು, ಮುಂದಿನ ಹಲವು ವರ್ಷಗಳಲ್ಲಿ ಮದುವೆ ಮುಂಜಿಗಳನ್ನೂ, ಮಕ್ಕಳು ಇಟ್ಟ ಮೊದಲ ಹೆಜ್ಜೆಗಳನ್ನೂ, ಇಂದು ನಮ್ಮ ನಡುವೆ ಇಲ್ಲದ ಹಿರಿಯರ ಧ್ವನಿಯನ್ನೂ ಮುಖಭಾವವನ್ನೂ ತನ್ನ ಮೈಮೇಲೆ ಬರೆಯಿಸಿಕೊಂಡು, ಎಷ್ಟೋ ಮನೆಗಳ ಬೀರುಗಳಲ್ಲಿ ಇಂದಿಗೂ ಮೌನವಾಗಿ ಕುಳಿತಿದೆ.

ಈ ಟೇಪನ್ನು ರೂಪಿಸಿದವರು ಅದರ ಮೇಲೆ ಬರೆಯಬೇಕೆಂದು ಉದ್ದೇಶಿಸಿದ್ದುದು ಅಂದಿನ ಸಾಧಾರಣ ದೂರದರ್ಶನದ ಅಳತೆಯ ಚಿತ್ರವನ್ನು ಮಾತ್ರ. ಆದರೆ 2003ರ ಸೆಪ್ಟೆಂಬರಿನಲ್ಲಿ ಕ್ಯಾನನ್, ಶಾರ್ಪ್, ಸೋನಿ, ಜೆವಿಸಿ ಎಂಬ ಜಪಾನಿನ ನಾಲ್ಕು ಸಂಸ್ಥೆಗಳು ಕಲೆತು, ಅದೇ ಕ್ಯಾಸೆಟ್ಟಿನೊಳಗಿನ ಅದೇ ಟೇಪಿನ ಮೇಲೆ, ಅದೇ ಒಂದು ಗಂಟೆಯ ಅವಧಿಗೆ, ಹೈ ಡೆಫಿನಿಷನ್ ಎಂದು ನಾವು ಕರೆಯುವ ಹಿರಿಯ ಚಿತ್ರವನ್ನು ಬರೆಯತಕ್ಕ ಒಂದು ಕ್ರಮವನ್ನು ಎಚ್‌ಡಿವಿ ಎಂಬ ಹೆಸರಿನಿಂದ ಪ್ರಕಟಿಸಿದುವು. ಆ ವರ್ಷವೇ ಜೆವಿಸಿಯ ಜಿಆರ್-ಎಚ್‌ಡಿ 1, ಮರುವರ್ಷ ಸೋನಿಯ ಎಚ್‌ಡಿಆರ್-ಎಫ್‌ಎಕ್ಸ್ 1, 2005ರಲ್ಲಿ ಅಂಗೈಯೊಳಗೆ ಹಿಡಿಯಬಹುದಾದ ಎಚ್‌ಡಿಆರ್-ಎಚ್‌ಸಿ 1, ತರುವಾಯ 2007ರಲ್ಲಿ ಕ್ಯಾನನ್‌ನ ಎಚ್‌ವಿ 20, ಹೀಗೆ ಒಂದರ ಹಿಂದೊಂದು ಯಂತ್ರಗಳು ಬಂದುವು. ಇವುಗಳಲ್ಲಿ ಕಡೆಯದಾಗಿ ಹೇಳಿದುದನ್ನು ಮುಂದಿಟ್ಟುಕೊಂಡು, ಇಂತಹ ಯಂತ್ರದ ಗುಣದೋಷಗಳನ್ನು ಅರಿಯಬೇಕಾದರೆ ನಾವು ಏನನ್ನು ಪರೀಕ್ಷಿಸಬೇಕು, ಕಂಡುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ಈ ಅಧ್ಯಾಯದಲ್ಲಿ ವಿಚಾರಿಸೋಣ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನು ಸಾಲಾಗಿ ಓದಿಕೊಂಡು ಹೋದರೆ ಯಾವ ಯಂತ್ರದ ಸ್ವಭಾವವೂ ತಿಳಿಯಲಾರದು. ಮಸೂರವನ್ನು ಹೊಕ್ಕ ಬೆಳಕು ಟೇಪನ್ನು ತಲಪುವ ತನಕ ಎಲ್ಲೆಲ್ಲಿ ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದಾಗಲೇ ಆ ಅಂಕಿಗಳಿಗೆ ಜೀವ ಬರುವುದು.

ಮೊದಲು ಟೇಪಿನ ವಿಚಾರ. ಈ ಟೇಪು ಯಂತ್ರದೊಳಗೆ ಚಲಿಸುವ ವೇಗ ಸೆಕೆಂಡಿಗೆ 19 ಮಿಲಿಮೀಟರಿಗಿಂತಲೂ ತುಸು ಕಡಿಮೆ. ಇರುವೆಯೊಂದು ಗೋಡೆಯ ಮೇಲೆ ಹರಿದುಹೋಗುವಷ್ಟು ನಿಧಾನ. ಇಷ್ಟು ಮಂದಗತಿಯ ಟೇಪಿನ ಮೇಲೆ ಸೆಕೆಂಡಿಗೆ ಎರಡೂವರೆ ಕೋಟಿ ಬಿಟ್ಟುಗಳಷ್ಟು ಚಿತ್ರವನ್ನು ಬರೆಯುವುದು ಸಾಧ್ಯವಾದುದು ಒಂದು ಪುಟ್ಟ ಉರುಳೆಯ ಮಹಿಮೆಯಿಂದ. 21.7 ಮಿಲಿಮೀಟರು ವ್ಯಾಸದ ಆ ಲೋಹದ ಉರುಳೆಯು, ತನ್ನ ಅಂಚಿನಲ್ಲಿ ಎರಡು ಸೂಕ್ಷ್ಮವಾದ ಬರೆಯುವ ತಲೆಗಳನ್ನು ಧರಿಸಿ, ಮಿನಿಟಿಗೆ 9000 ಸುತ್ತುಗಳಂತೆ ತಿರುಗುತ್ತದೆ. ಟೇಪು ಅದರ ಮೈಗೆ ಓರೆಯಾಗಿ ಸುತ್ತಿಕೊಂಡು ಮೆಲ್ಲನೆ ಸಾಗುತ್ತಿರುವಾಗ, ತಲೆಗಳು ಸೆಕೆಂಡಿಗೆ ಹತ್ತು ಮೀಟರಿಗೂ ಮಿಕ್ಕ ವೇಗದಿಂದ ಅದರ ಮೇಲೆ ಓರೆಗೆರೆಗಳನ್ನು ಎಳೆಯುತ್ತ ಹೋಗುತ್ತವೆ. ಸೆಕೆಂಡಿಗೆ ಇಂತಹ ಗೆರೆಗಳು 300. ಒಂದೊಂದರ ಅಗಲವೂ 10 ಮೈಕ್ರಾನ್, ಎಂದರೆ ಒಂದು ತಲೆಗೂದಲು ಅಡ್ಡಬಿದ್ದರೆ ಅದರಡಿಯಲ್ಲಿ ಐದಾರು ಗೆರೆಗಳಾದರೂ ಮುಚ್ಚಿಹೋಗುವುವು. ಅಡುಗೆಮನೆಯ ಹೊಗೆ, ಬೀದಿಯ ಧೂಳು, ಮಳೆಗಾಲದ ತೇವ ಇವುಗಳ ನಡುವೆ ಓಡಾಡುವ ಒಂದು ಗೃಹಬಳಕೆಯ ಯಂತ್ರದಲ್ಲಿ ಇಷ್ಟು ಸೂಕ್ಷ್ಮವಾದ ಕೆಲಸವು ಗಂಟೆಗಟ್ಟಲೆ ತಪ್ಪಿಲ್ಲದೆ ನಡೆಯುತ್ತಿತ್ತೆಂಬುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಆದರೆ ಬರೆಯಬಹುದಾದ ಪ್ರಮಾಣಕ್ಕೆ ಒಂದು ಮಿತಿ ಉಂಟಷ್ಟೆ. ಸೆಕೆಂಡಿಗೆ 25 ಮೆಗಾಬಿಟ್ಟುಗಳ ಆ ಮಿತಿಯನ್ನು ಎಚ್‌ಡಿವಿ ದಾಟಲಿಲ್ಲ. ದಾಟುವುದು ಅದರ ಉದ್ದೇಶವೂ ಆಗಿರಲಿಲ್ಲ. ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಬಿಂದುಗಳು. ಎಚ್‌ಡಿವಿಯ ಹಿರಿಯ ಚಿತ್ರದಲ್ಲಿ ಅಡ್ಡಕ್ಕೆ 1440, ಉದ್ದಕ್ಕೆ 1080. ಗುಣಿಸಿ ನೋಡಿದರೆ ಹೊಸ ಚಿತ್ರವು ಹಳೆಯದರ ಮೂರು ಮುಕ್ಕಾಲು ಪಟ್ಟು ಆಯಿತು. ಅದನ್ನು ಯಾವ ಅಡಕವನ್ನೂ ಮಾಡದೆ ಇದ್ದಂತೆಯೇ ಬರೆಯಬೇಕಾದರೆ ಸೆಕೆಂಡಿಗೆ ಸುಮಾರು 466 ಮೆಗಾಬಿಟ್ಟುಗಳು ಬೇಕು, ಇರುವುದು 25. ಹಳೆಯ ಡಿವಿಯಲ್ಲಿ ಐದು ಪಾಲನ್ನು ಒಂದು ಪಾಲಿಗೆ ಇಳಿಸಿದರೆ ಸಾಕಾಗುತ್ತಿತ್ತು. ಇಲ್ಲಿ ಹದಿನೆಂಟು ಹತ್ತೊಂಬತ್ತು ಪಾಲನ್ನು ಒಂದಕ್ಕೆ ಇಳಿಸಬೇಕು. ಎಚ್‌ಡಿವಿಯ ಸಕಲ ಗುಣಗಳಿಗೂ ಬಹುಪಾಲು ದೋಷಗಳಿಗೂ ಮೂಲವು ಈ ಒಂದು ಲೆಕ್ಕದಲ್ಲಿ ಅಡಗಿದೆ.

ಇಷ್ಟೊಂದು ಅಡಕವನ್ನು ಸಾಧಿಸುವುದು ಹೇಗೆ? ಹಳೆಯ ಡಿವಿಯು ಪ್ರತಿಯೊಂದು ಚಿತ್ರವನ್ನೂ ಬೇರೆಬೇರೆಯಾಗಿ, ತನಗೆ ತಾನೇ ಪೂರ್ಣವಾಗುವಂತೆ ಅಡಕಮಾಡಿ ಬರೆಯುತ್ತಿತ್ತು. ಎಚ್‌ಡಿವಿಯು ಎಂಪೆಗ್-2 ಎಂಬ ಬೇರೊಂದು ಕ್ರಮವನ್ನು ಹಿಡಿಯಿತು. ಹಿಂದಿನ ಕಾಲದ ಶಾನುಭೋಗರ ಲೆಕ್ಕದ ಪುಸ್ತಕವನ್ನು ನೋಡಿದವರಿಗೆ ಈ ಕ್ರಮವು ಥಟ್ಟನೆ ತಿಳಿದೀತು. ಮೊದಲ ಸಾಲಿನಲ್ಲಿ ಊರು, ಹೋಬಳಿ, ಹಿಡುವಳಿದಾರನ ಹೆಸರು, ಅವನ ತಂದೆಯ ಹೆಸರು, ಇವೆಲ್ಲವನ್ನೂ ವಿಸ್ತಾರವಾಗಿ ಬರೆದು, ಕೆಳಗಿನ ಸಾಲುಗಳಲ್ಲಿ ‘ಸದರಿ’ ‘ಸದರಿ’ ಎಂದು ಬರೆದುಕೊಂಡು, ಬದಲಾದ ಅಂಕಿಯನ್ನು ಮಾತ್ರ ಹೊಸದಾಗಿ ನಮೂದಿಸುವ ಪದ್ಧತಿ ಅದು. ಎಚ್‌ಡಿವಿಯ ಪಾಲ್ ಕ್ರಮದಲ್ಲಿ ಹನ್ನೆರಡು ಚಿತ್ರಗಳದು ಒಂದು ಗುಂಪು. ಗುಂಪಿನ ಮೊದಲನೆಯದು ಮಾತ್ರ ಪೂರ್ಣಚಿತ್ರ. ಮಿಕ್ಕ ಹನ್ನೊಂದರಲ್ಲಿ ಇರುವುದು, ಹಿಂದಿನ ಚಿತ್ರಕ್ಕೂ ಕೆಲವೊಮ್ಮೆ ಮುಂಬರುವ ಚಿತ್ರಕ್ಕೂ ಹೋಲಿಸಿದಾಗ, ಯಾವ ಭಾಗವು ಎತ್ತ ಸರಿಯಿತು, ಏನು ವ್ಯತ್ಯಾಸವಾಯಿತು ಎಂಬ ವಿವರ. ಜಗಲಿಯ ಮೇಲೆ ಕುಳಿತು ಮಾತನಾಡುವ ಅಜ್ಜಿಯ ಹಿಂದಿನ ಗೋಡೆಯು ಅರ್ಧ ಸೆಕೆಂಡಿನಲ್ಲಿ ಬದಲಾಗುವುದಿಲ್ಲವಾದುದರಿಂದ, ಗೋಡೆಗೆ ಒಂದು ‘ಸದರಿ’ ಸಾಕು. ಉಳಿದ ಬಿಟ್ಟುಗಳೆಲ್ಲವೂ ಅಜ್ಜಿಯ ಮುಖಕ್ಕೆ ದೊರಕುತ್ತವೆ.

ಶಾನುಭೋಗರ ಪುಸ್ತಕದ ಮೊದಲ ಸಾಲಿನ ಮೇಲೆ ನೀರು ಬಿದ್ದು ಶಾಯಿ ಹರಡಿಹೋದರೆ ಕೆಳಗಿನ ‘ಸದರಿ’ಗಳಿಗೆಲ್ಲ ಏನು ಗತಿ? ಎಚ್‌ಡಿವಿಯಲ್ಲಿಯೂ ಅದೇ ಗತಿ. ಟೇಪಿನ ಮೇಲಣ ಧೂಳಿನ ಕಣದಿಂದಲೋ, ಲೇಪ ಕಳಚಿದುದರಿಂದಲೋ ಒಂದಿಷ್ಟು ಬಿಟ್ಟುಗಳು ನಷ್ಟವಾದಾಗ, ಹಳೆಯ ಡಿವಿಯಲ್ಲಿ ಚಿತ್ರದ ನಡುವೆ ಒಂದೆರಡು ಚೌಕಗಳು ಕದಡಿ, ಮರುಕ್ಷಣದಲ್ಲಿ ಸರಿಹೋಗುತ್ತಿತ್ತು. ಎಚ್‌ಡಿವಿಯಲ್ಲಿ ಆ ನಷ್ಟವು ಗುಂಪಿನ ಮೊದಲ ಚಿತ್ರಕ್ಕೆ ತಗಲಿದರೆ ಹನ್ನೆರಡೂ ಚಿತ್ರಗಳು, ಎಂದರೆ ಹತ್ತಿರ ಹತ್ತಿರ ಅರ್ಧ ಸೆಕೆಂಡು, ಒಟ್ಟಿಗೇ ಹೋಗಬಹುದು. ನಮ್ಮ ಮನೆಯಲ್ಲಿ ಒಮ್ಮೆ ನಡೆದ ಗಮಕವಾಚನವನ್ನು ನಾನು ಹೀಗೆಯೇ, ಒಂದೆರಡು ಸಲ ಬಳಸಿದ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡೆ. ವಾಚನಕಾರರು ಆಲಾಪನೆಯ ತುದಿಯನ್ನು ಮುಟ್ಟಿದ ಜಾಗದಲ್ಲಿ ಚಿತ್ರವು ನಿಂತಿತು, ದನಿಯೂ ನಿಂತಿತು. ಮತ್ತೆ ಎರಡೂ ಚಲಿಸುವ ಹೊತ್ತಿಗೆ ಆ ಸ್ವರವು ಮುಗಿದುಹೋಗಿತ್ತು. ಅಂದಿನಿಂದ, ಮತ್ತೆ ದೊರೆಯಲಾರದ ಸಂದರ್ಭಗಳಿಗೆ ಹೊಸ ಕ್ಯಾಸೆಟ್ಟನ್ನಲ್ಲದೆ ಬೇರೆಯದನ್ನು ಹಾಕುವುದಿಲ್ಲವೆಂದು ನಿಶ್ಚಯಿಸಿಕೊಂಡೆ. ಓದುಗರಿಗೂ ಅದನ್ನೇ ಹೇಳುತ್ತೇನೆ.

ಇನ್ನು ಎಚ್‌ವಿ 20ರ ಕಡೆಗೆ ತಿರುಗೋಣ. 2007ರ ಆರಂಭದಲ್ಲಿ ಪ್ರಕಟವಾದಾಗ ಅಮೆರಿಕದಲ್ಲಿ ಅದಕ್ಕೆ ಗೊತ್ತುಮಾಡಿದ ಬೆಲೆ 1,099 ಡಾಲರು. ಅದಕ್ಕೆ ಮೂರು ವರ್ಷ ಮುಂಚೆ ಬಂದಿದ್ದ ಸೋನಿಯ ಎಫ್‌ಎಕ್ಸ್ 1, ಪಟ್ಟಕದ ಮೂಲಕ ಬೆಳಕನ್ನು ಮೂರು ಬಣ್ಣಗಳಾಗಿ ಒಡೆದು ಮೂರು ಸಂವೇದಕಗಳಿಗೆ ಹಂಚುತ್ತಿದ್ದ ಭಾರವಾದ ಯಂತ್ರ, ಇದರ ಮೂರು ಪಟ್ಟಿಗೂ ಮೀರಿದ ಬೆಲೆಯದಾಗಿತ್ತು. ಕ್ಯಾನನ್‌ನವರು ಒಂದೇ ಸಂವೇದಕವನ್ನು ಇಟ್ಟು, ಅದರ ಬಿಂದುಗಳ ಮೇಲೆ ಕೆಂಪು, ಹಸಿರು, ನೀಲಿ ಗಾಜುಗಳ ಕಿರುಚೌಕಗಳನ್ನು ಹಾಸಿ, ಅಕ್ಕಪಕ್ಕದ ಚೌಕಗಳಿಂದ ಬಣ್ಣವನ್ನು ಊಹಿಸಿಕೊಳ್ಳುವ ಕ್ರಮವನ್ನು ಅನುಸರಿಸಿದರು. 1/2.7 ಅಂಗುಲವೆಂದು ಹೆಸರಿಸಲಾಗುವ ಆ ಸಿಮಾಸ್ ಸಂವೇದಕದಲ್ಲಿ ಒಟ್ಟು 29 ಲಕ್ಷಕ್ಕೂ ಮಿಕ್ಕ ಬಿಂದುಗಳಿದ್ದು, ವಿಡಿಯೊ ಚಿತ್ರಕ್ಕೆ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು ಪೂರ್ಣವಾಗಿ ಒದಗುತ್ತಿದ್ದುವು. ಈ ಅಂಗುಲದ ಲೆಕ್ಕವನ್ನು ಯಾರೂ ಅಳತೆಗೋಲಿನಿಂದ ಪರೀಕ್ಷಿಸಹೋಗಬಾರದು. ಅದು ಹಳೆಯ ದೂರದರ್ಶನ ಕ್ಯಾಮೆರಾಗಳ ಗಾಜಿನ ನಳಿಗೆಯ ಹೊರವ್ಯಾಸದಿಂದ ಉಳಿದುಬಂದ ಹೆಸರು. ಈ ಯಂತ್ರದಲ್ಲಿ ಚಿತ್ರವು ಬೀಳುವ ಭಾಗದ ಕರ್ಣವು ಸುಮಾರು 6 ಮಿಲಿಮೀಟರು ಮಾತ್ರ.

ಕರ್ಣ ಆರು ಮಿಲಿಮೀಟರು ಎಂದ ಮಾತ್ರಕ್ಕೆ ಎಷ್ಟೊಂದು ಸಂಗತಿಗಳು ನಿಶ್ಚಿತವಾಗಿ ಬಿಡುತ್ತವೆ! ಮಸೂರದ ನಾಭಿದೂರ 6.1ರಿಂದ 61 ಮಿಲಿಮೀಟರು, ಹತ್ತು ಪಟ್ಟಿನ ಜೂಮು. ಹಳೆಯ 35 ಮಿಲಿಮೀಟರಿನ ಫಿಲ್ಮ್ ಕ್ಯಾಮೆರಾದ ಭಾಷೆಯಲ್ಲಿ ಹೇಳುವುದಾದರೆ ಸುಮಾರು 44ರಿಂದ 436. ದೂರದ ಮರದ ಮೇಲಣ ಹಕ್ಕಿಯು ಸೊಗಸಾಗಿ ಸಿಗುತ್ತದೆ. ಆದರೆ ಕಿರಿದಾದ ನಡುಮನೆಯಲ್ಲಿ ಆರತಿ ನಡೆಯುವಾಗ, ಎದುರು ಗೋಡೆಗೆ ಬೆನ್ನು ತಾಗಿಸಿ ನಿಂತರೂ ಮನೆಮಂದಿಯೆಲ್ಲರೂ ಚೌಕಟ್ಟಿನೊಳಗೆ ಬರುವುದಿಲ್ಲ. ಅಗಲದೃಷ್ಟಿಯ ಕೊರತೆಯು ಈ ಯಂತ್ರದ ಒಂದು ನಿಜವಾದ ಕುಂದು. ಇನ್ನೊಂದು ಪರಿಣಾಮವೆಂದರೆ, ಇಷ್ಟು ಕಿರಿದಾದ ಸಂವೇದಕದ ಮೇಲೆ ಹತ್ತಿರದ ಮುಖವೂ ಹಿಂದಿನ ಗಿಡವೂ ಒಟ್ಟಿಗೆ ಸ್ಫುಟವಾಗಿ ಮೂಡುವುದರಿಂದ, ಸಿನಿಮಾದಲ್ಲಿ ಕಾಣುವಂತೆ ಹಿನ್ನೆಲೆಯು ಮೃದುವಾಗಿ ಕರಗಿಹೋಗುವ ಸೌಂದರ್ಯವು ಸುಲಭವಾಗಿ ದೊರೆಯುವುದಿಲ್ಲ. ಇದನ್ನು ನೀಗಿಕೊಳ್ಳುವ ಸಲುವಾಗಿ ಆ ದಿನಗಳಲ್ಲಿ ಹಲವು ತರುಣ ಚಿತ್ರಕಾರರು ಯಂತ್ರದ ಮುಂದೆ ಒಂದು ಮಸುಕುಗಾಜಿನ ಕೊಳವೆಯನ್ನು ಜೋಡಿಸಿ, ಅದರ ಮುಂದೆ ಸ್ಥಿರಚಿತ್ರದ ದೊಡ್ಡ ಮಸೂರವನ್ನು ಇಟ್ಟು, ಮಸುಕುಗಾಜಿನ ಮೇಲೆ ಮೂಡಿದ ಚಿತ್ರವನ್ನು ತಿರುಗಿ ಚಿತ್ರೀಕರಿಸುತ್ತಿದ್ದರು.

ಮೂರನೆಯ ಪರಿಣಾಮವು ಬೆಳಕಿನ ಸ್ವಭಾವಕ್ಕೇ ಸೇರಿದುದು. ಸಂವೇದಕದ ಒಂದು ಬಿಂದುವಿನ ಅಗಲ ಲೆಕ್ಕಕ್ಕೆ ಸುಮಾರು 2.75 ಮೈಕ್ರಾನ್ ಬರುತ್ತದೆ. ಕಿರಿದಾದ ರಂಧ್ರದ ಮೂಲಕ ಹಾಯುವ ಬೆಳಕು ಅಂಚುಗಳಲ್ಲಿ ಬಾಗಿ ಹರಡುತ್ತದೆಂಬುದು ಭೌತವಿಜ್ಞಾನದ ಮಾತು. ಮಧ್ಯಾಹ್ನದ ಬಿಸಿಲಿನಲ್ಲಿ ಮಸೂರದ ತೆರವು ಎಫ್ 8ರಷ್ಟು ಕಿರಿದಾದಾಗ, ಒಂದು ಚುಕ್ಕೆಯಾಗಿ ಬೀಳಬೇಕಾದ ಹಸಿರು ಬೆಳಕು ಹತ್ತು ಮೈಕ್ರಾನಿಗೂ ಮಿಕ್ಕು ಹರಡಿ, ನಾಲ್ಕು ಬಿಂದುಗಳ ಅಗಲವನ್ನು ಆಕ್ರಮಿಸುತ್ತದೆ. ಬಿಸಿಲು ಹೆಚ್ಚಾದಷ್ಟೂ ಚಿತ್ರವು ಹರಿತವಾಗಬೇಕೆಂದು ನಾವು ಭಾವಿಸುತ್ತೇವೆ. ಕಿರುಸಂವೇದಕದ ಯಂತ್ರಗಳಲ್ಲಿ ಇದು ತಲೆಕೆಳಗಾಗುತ್ತದೆ. ಮಸೂರದ ಮುಂದಿರುವ 43 ಮಿಲಿಮೀಟರಿನ ತಿರುಪಿಗೆ ಬೂದುಬಣ್ಣದ ಫಿಲ್ಟರೊಂದನ್ನು ತೊಡಿಸಿದರೆ, ತೆರವು ಎಫ್ 4ರ ಸುತ್ತಮುತ್ತ ನಿಂತು, ಕಳೆದುಹೋದ ಹರಿತವು ಮರಳಿ ಬರುತ್ತದೆ. ಕೆಲವು ನೂರು ರೂಪಾಯಿಗಳ ಈ ಗಾಜಿನಿಂದ ಆಗುವ ಉಪಕಾರವು ಮೆನುವಿನೊಳಗಿನ ಹಲವು ಆಯ್ಕೆಗಳಿಂದ ಆಗಲಾರದು.

ಸ್ಫುಟತೆಯನ್ನು ಅಳೆಯುವವರು ಒತ್ತೊತ್ತಾದ ಗೆರೆಗಳನ್ನುಳ್ಳ ಒಂದು ಫಲಕವನ್ನು ಚಿತ್ರೀಕರಿಸಿ, ಗೆರೆಗಳು ಎಲ್ಲಿಯವರೆಗೆ ಬೇರೆಬೇರೆಯಾಗಿ ಕಾಣುತ್ತವೆ, ಎಲ್ಲಿ ಬೂದಿಬಣ್ಣದ ಮಸಕಾಗಿ ಕೂಡಿಹೋಗುತ್ತವೆ ಎಂಬುದನ್ನು ಗುರುತಿಸುತ್ತಾರೆ. ಚಿತ್ರದ ಎತ್ತರಕ್ಕೆ ಸಮನಾದ ಅಗಲದೊಳಗೆ ಎಷ್ಟು ಗೆರೆಗಳು ಎಂದು ಎಣಿಸುವುದು ವಾಡಿಕೆ; ಆ ಲೆಕ್ಕದಲ್ಲಿ 1440 ಬಿಂದುಗಳ ಟೇಪು ಎಷ್ಟೇ ಪ್ರಯತ್ನಪಟ್ಟರೂ 810 ಗೆರೆಗಳನ್ನು ಮೀರಲಾರದು. ಫಲಕವಿಲ್ಲದವರು ಕನ್ನಡ ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಮುಕ್ಕಾಲಿಯ ಮೇಲೆ ಯಂತ್ರವನ್ನು ನಿಲ್ಲಿಸಿ, ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯುತ್ತ ಚಿತ್ರೀಕರಿಸಿದರೆ ಸಾಕು. ನಮ್ಮ ಲಿಪಿಯು ಈ ಪರೀಕ್ಷೆಗೆ ತುಂಬ ತಕ್ಕುದು. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಬುಡದ ಒಂದು ಸೀಳು. ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಗೀಟು. ಸಾಧಾರಣ ಡಿವಿಯಲ್ಲಿ ಅಕ್ಷರದ ಗುಂಡುರೂಪ ಮಾತ್ರ ಉಳಿಯುವ ದೂರದಲ್ಲಿ, ಎಚ್‌ಡಿವಿಯ ಚಿತ್ರದಲ್ಲಿ ಸೀಳೂ ಗೀಟೂ ಒತ್ತಕ್ಷರವೂ ಓದುವಂತೆ ಉಳಿದಿರುತ್ತವೆ. ಹಗಲುಬೆಳಕಿನಲ್ಲಿ ಎಚ್‌ವಿ 20ರ ಚಿತ್ರವನ್ನು ಮೊದಲ ಸಲ ದೊಡ್ಡ ಪರದೆಯ ಮೇಲೆ ನೋಡಿದವರು, ಇಷ್ಟು ಅಗ್ಗದ ಪೆಟ್ಟಿಗೆಯಿಂದ ಇಷ್ಟು ನಿರ್ಮಲವಾದ ಚಿತ್ರವೇ ಎಂದು ವಿಸ್ಮಯಪಟ್ಟುದು ಅತಿಶಯೋಕ್ತಿಯಲ್ಲ.

ಈ ಸಂದರ್ಭದಲ್ಲಿಯೇ ಹೇಳಬೇಕಾದ ಒಂದು ಸ್ವಾರಸ್ಯವಿದೆ. ಯಂತ್ರದ ಬದಿಯಲ್ಲಿರುವ ಎಚ್‌ಡಿಎಂಐ ಕಿಂಡಿಯ ಮೂಲಕ, ಸಂವೇದಕವು ಕಂಡ ಚಿತ್ರವು ಟೇಪಿನ ಅಡಕಕ್ಕೆ ಒಳಗಾಗುವ ಮುನ್ನವೇ ಹೊರಗೆ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ವಿಶೇಷ ಕಾರ್ಡೊಂದರ ಮೂಲಕ ನೇರವಾಗಿ ಹಿಡಿದುಕೊಂಡವರು, 1440ರ ಬದಲು 1920 ಬಿಂದುಗಳ, ಚೌಕಗಳ ಕಲೆಯಿಲ್ಲದ, ಬಣ್ಣದ ವಿವರವೂ ಹೆಚ್ಚಾದ ಚಿತ್ರವನ್ನು ಪಡೆದರು. ಮಸೂರವೂ ಸಂವೇದಕವೂ ಕಂಡುದು ಟೇಪು ಧರಿಸಬಲ್ಲುದಕ್ಕಿಂತ ಅಧಿಕ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಡ. ಈ ಯಂತ್ರದಲ್ಲಿ ಇಕ್ಕಟ್ಟಾದ ಬಾಗಿಲು ಟೇಪೇ.

ಆ ಬಾಗಿಲಿನ ಇಕ್ಕಟ್ಟು ಎಷ್ಟೆಂಬುದನ್ನು ತಿಳಿಯಬೇಕಾದರೆ ಗೋಡೆಯ ಮುಂದಿನ ಅಜ್ಜಿಯನ್ನು ಬಿಟ್ಟು, ಮಳೆಗಾಳಿಗೆ ಸಿಕ್ಕಿದ ಅಡಕೆಯ ತೋಟಕ್ಕೆ ಹೋಗಬೇಕು. ಅಲ್ಲಿ ಪ್ರತಿಯೊಂದು ಸೋಗೆಯ ಪ್ರತಿಯೊಂದು ಎಲೆಯೂ ಬೇರೆಬೇರೆ ದಿಕ್ಕಿಗೆ ಅಲುಗುತ್ತಿರುತ್ತದೆ. ನಡುವೆ ಮಳೆಯ ಎಳೆಗಳು ಬೀಳುತ್ತಿರುತ್ತವೆ. ‘ಸದರಿ’ ಎಂದು ಬರೆಯಲು ಒಂದು ಅಂಗುಲದ ಜಾಗವೂ ಇಲ್ಲ. ಎಲ್ಲವನ್ನೂ ಹೊಸದಾಗಿ ಬರೆಯುವಷ್ಟು ಬಿಟ್ಟುಗಳು ಇಲ್ಲದ ಯಂತ್ರವು ವಿವರಗಳನ್ನು ಕೈಬಿಡತೊಡಗುತ್ತದೆ; ಎಲೆಗಳ ಅಂಚು ಕರಗುತ್ತದೆ, ನೆರಳಿನ ಭಾಗಗಳಲ್ಲಿ ಚೌಕಚೌಕದ ಹೆಣಿಗೆಯು ತಲೆದೋರುತ್ತದೆ. ಜಲಪಾತ, ದೀಪಾವಳಿಯ ಹೂಕುಂಡ, ತೇರಿನ ಮುಂದೆ ಕಿಕ್ಕಿರಿದು ಕುಣಿಯುವ ಜನ, ಇವೆಲ್ಲವೂ ಇದೇ ವರ್ಗಕ್ಕೆ ಸೇರಿದುವು. ಯಂತ್ರವನ್ನು ಸರಸರನೆ ಅತ್ತಿತ್ತ ತಿರುಗಿಸುವವರು ತಾವಾಗಿಯೇ ಈ ಕಷ್ಟವನ್ನು ತಂದುಕೊಳ್ಳುತ್ತಾರೆ. ಮುಕ್ಕಾಲಿಯ ಮೇಲೆ ನಿಲ್ಲಿಸಿ, ಮೆಲ್ಲಗೆ ತಿರುಗಿಸಿದ ಚಿತ್ರದಲ್ಲಿ ಅದೇ ತೋಟವು ಎಷ್ಟೋ ಮೇಲಾಗಿ ಕಾಣುವುದು. ಕೈನಡುಕವನ್ನು ಮಸೂರದೊಳಗಿನ ಗಾಜೊಂದನ್ನು ಸರಿಸಿಯೇ ಸರಿಪಡಿಸುವ ಏರ್ಪಾಡು ಎಚ್‌ವಿ 20ರಲ್ಲಿದ್ದುದು, ಕೈಯಲ್ಲಿ ಹಿಡಿದು ಚಿತ್ರಿಸುವವರ ಕಣ್ಣಿಗೆ ಮಾತ್ರವಲ್ಲದೆ ಅಡಕದ ಲೆಕ್ಕಕ್ಕೂ ಉಪಕಾರಿಯಾಯಿತು.

ಚಲನೆಗೆ ಸಂಬಂಧಿಸಿದ ಇನ್ನೊಂದು ದೋಷಕ್ಕೆ ಟೇಪು ಹೊಣೆಯಲ್ಲ. ಸಿಮಾಸ್ ಸಂವೇದಕವು ಚಿತ್ರದ ಎಲ್ಲ ಸಾಲುಗಳನ್ನೂ ಒಂದೇ ಕ್ಷಣದಲ್ಲಿ ಓದದೆ, ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓದುತ್ತದೆ. ರೈಲಿನ ಕಿಟಕಿಯಿಂದ ಚಿತ್ರೀಕರಿಸಿದರೆ, ಮೇಲಿನ ಸಾಲು ಓದಿದಾಗ ಒಂದು ಕಡೆ ಇದ್ದ ವಿದ್ಯುತ್ ಕಂಬವು ಕೆಳಗಿನ ಸಾಲು ಓದುವ ಹೊತ್ತಿಗೆ ಸರಿದಿರುವುದರಿಂದ, ನೆಟ್ಟಗಿರುವ ಕಂಬವು ಓರೆಯಾಗಿ ಕಾಣುತ್ತದೆ. ಎಫ್‌ಎಕ್ಸ್ 1ರಂತಹ ಸಿಸಿಡಿ ಎಂಬ ಬೇರೆ ಬಗೆಯ ಸಂವೇದಕದ ಯಂತ್ರಗಳಿಗೆ ಈ ಬಾಧೆ ಇರಲಿಲ್ಲ.

ಕತ್ತಲೆಯ ಪರೀಕ್ಷೆ ಕಠಿನವಾದುದು. ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್ ಬೆಳಕನ್ನು ಸುರಿಸಿದರೆ, ಹುಣ್ಣಿಮೆಯ ಬೆಳುದಿಂಗಳಿನಲ್ಲಿ ಅದರ ಪ್ರಮಾಣ ಲಕ್ಸಿನ ಕಾಲುಭಾಗದ ಆಸುಪಾಸು. ನಮ್ಮ ಕಣ್ಣು ಇವೆರಡಕ್ಕೂ ಹೊಂದಿಕೊಳ್ಳುತ್ತದೆ, ಯಂತ್ರವು ಹಾಗಲ್ಲ. ಬೆಳಕು ಕುಂದಿದಾಗ ಅದು ಸಂವೇದಕದ ಸಂಕೇತವನ್ನು ಹಿಗ್ಗಿಸುತ್ತದೆ. ಸಂಕೇತದೊಡನೆ ಅದರೊಳಗಿನ ಗದ್ದಲವೂ ಹಿಗ್ಗಿ, ಚಿತ್ರದ ತುಂಬ ರವೆಯಂತಹ ಕಣಗಳು ಕುಣಿಯತೊಡಗುತ್ತವೆ. ಮೇಲೆ ಹೇಳಿದ ಅಡಕಕ್ಕೆ ಆ ಕಣಗಳೂ ಅಲುಗುವ ಎಲೆಗಳೂ ಒಂದೇ; ಪ್ರತಿ ಚಿತ್ರದಲ್ಲಿಯೂ ಬೇರೆಯಾದ ಆ ಕಣಗಳನ್ನು ಬರೆಯುವುದರಲ್ಲಿಯೇ ಅಮೂಲ್ಯವಾದ ಬಿಟ್ಟುಗಳು ವ್ಯಯವಾಗಿ, ಮುಖದ ವಿವರಕ್ಕೆ ಉಳಿಯುವುದು ಅಲ್ಪ. ಯಂತ್ರವು ಕತ್ತಲೆಯಲ್ಲಿ ‘ಕಾಣುತ್ತದೆ’ ಎಂಬ ಜಾಹೀರಾತಿನ ಮಾತನ್ನು ಈ ಕಾರಣದಿಂದ ಎಚ್ಚರಿಕೆಯಿಂದ ಸ್ವೀಕರಿಸಬೇಕು. ಎಚ್‌ವಿ 20ರಲ್ಲಿ, ಭಾರತದಂತಹ 50 ಹರ್ಟ್ಸ್ ದೇಶಗಳ ಮಾದರಿಗೆ, ಸಾಮಾನ್ಯ ಕ್ರಮದ 50 ಅರ್ಧಚಿತ್ರಗಳ ಬದಲು ಸೆಕೆಂಡಿಗೆ 25 ಪೂರ್ಣಚಿತ್ರಗಳನ್ನು ತೆಗೆಯುವ ಒಂದು ವಿಧಾನವನ್ನು ಕೊಟ್ಟಿದ್ದರು. ಅದರಲ್ಲಿ ಪ್ರತಿಯೊಂದು ಚಿತ್ರಕ್ಕೂ ಬೆಳಕು ಬೀಳುವ ಕಾಲವನ್ನು ಇಮ್ಮಡಿಗೊಳಿಸಲು ಅವಕಾಶವಿದ್ದುದರಿಂದ, ದೀಪದ ಬೆಳಕಿನಲ್ಲಿ ಚಿತ್ರವು ಗಮನಾರ್ಹವಾಗಿ ತಿಳಿಯಾಗುತ್ತಿತ್ತು. ಅಮೆರಿಕದ ಮಾದರಿಯಲ್ಲಿ ಇದರ ಸ್ಥಾನದಲ್ಲಿ ಸಿನಿಮಾದ 24 ಚಿತ್ರಗಳ ವಿಧಾನವಿತ್ತು. ಆ 24ನ್ನು 60 ಅರ್ಧಚಿತ್ರಗಳ ಪ್ರವಾಹದೊಳಗೆ ಎರಡು ಮೂರು, ಎರಡು ಮೂರು ಎಂದು ಹೆಣೆದು ಬರೆಯುತ್ತಿದ್ದುದರಿಂದ, ಸಂಕಲನಕ್ಕೆ ಮುನ್ನ ಆ ಹೆಣಿಗೆಯನ್ನು ಬಿಡಿಸುವ ಶ್ರಮವು ಅಲ್ಲಿಯವರ ಪಾಲಿಗೆ ಬಂತು. 25ನ್ನು 50ರೊಳಗೆ ಇಡಲು ಅಂತಹ ಯಾವ ತೊಡಕೂ ಇರಲಿಲ್ಲ.

ಈ 50 ಮತ್ತು 60ರ ಭೇದವು ನಮ್ಮವರಿಗೆ ಬೇರೊಂದು ರೀತಿಯಲ್ಲಿ ತೊಂದರೆ ಕೊಟ್ಟುದುಂಟು. ಅಮೆರಿಕದಲ್ಲಿ ನೆಲಸಿದ ಮಗನೋ ಅಳಿಯನೋ ಅಲ್ಲಿ ಕೊಂಡ ಕ್ಯಾಮೆರಾವನ್ನು ರಜೆಗೆ ಬಂದಾಗ ಹೊತ್ತು ತಂದು, ಊರಿನ ಕಲ್ಯಾಣಮಂಟಪದಲ್ಲಿ ಟ್ಯೂಬ್‌ಲೈಟುಗಳ ಕೆಳಗೆ ಚಿತ್ರೀಕರಿಸಿದಾಗ, ಚಿತ್ರವೆಲ್ಲ ನಾಡಿಯಂತೆ ಮಿಡಿಯುತ್ತಿರುವುದನ್ನು ಕಂಡು, ಯಂತ್ರವೇ ಕೆಟ್ಟಿತೆಂದು ಎಷ್ಟೋ ಮಂದಿ ಭಾವಿಸಿದರು. ಯಂತ್ರ ಕೆಟ್ಟಿರಲಿಲ್ಲ. ನಮ್ಮ ವಿದ್ಯುತ್ತಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಆ ಕ್ಯಾಮೆರಾ ಸೆಕೆಂಡಿಗೆ 60 ಸಲ ಕಣ್ಣು ತೆರೆಯುತ್ತದೆ. ಒಂದು ತೆರವಿಗೆ ಒಂದು ಮಿಡಿತವೂ ಮೇಲೆ ಮೂರರಲ್ಲಿ ಎರಡು ಪಾಲೂ ಬೀಳುವುದರಿಂದ, ಒಂದು ಸಲ ಬೆಳಕು ಹೆಚ್ಚು, ಇನ್ನೊಂದು ಸಲ ಕಡಿಮೆ. ಷಟರಿನ ವೇಗವನ್ನು ನೂರರಲ್ಲೊಂದು ಸೆಕೆಂಡಿಗೆ ನಿಲ್ಲಿಸಿದ ಕೂಡಲೆ, ಪ್ರತಿ ತೆರವಿಗೂ ಸರಿಯಾಗಿ ಒಂದೇ ಮಿಡಿತ ದೊರೆತು, ಚಿತ್ರವು ಶಾಂತವಾಗುತ್ತದೆ.

ಧ್ವನಿಯ ಮಾತು. ಹಳೆಯ ಡಿವಿಯಲ್ಲಿ ಧ್ವನಿಯನ್ನು ಅಡಕವಿಲ್ಲದೆ ಸೆಕೆಂಡಿಗೆ 1536 ಕಿಲೊಬಿಟ್ಟುಗಳಂತೆ ಬರೆಯುತ್ತಿದ್ದರು. ಎಚ್‌ಡಿವಿಯಲ್ಲಿ ಅದನ್ನು 384ಕ್ಕೆ, ಎಂದರೆ ಕಾಲುಪಾಲಿಗೆ, ಇಳಿಸಲಾಯಿತು. ಮಾತಿಗೆ ಇದು ಧಾರಾಳವಾಗಿ ಸಾಕು; ತಂಬೂರಿಯ ಝೇಂಕಾರದ ಸೂಕ್ಷ್ಮಗಳನ್ನು ಬಯಸುವವರಿಗೆ ಪ್ರತ್ಯೇಕವಾದ ಧ್ವನಿಮುದ್ರಣವೇ ಲೇಸು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಯಂತ್ರದ ಮೈಯಲ್ಲಿಯೇ ಇರುವ ಮೈಕು ಒಳಗೆ ತಿರುಗುವ ಉರುಳೆಯ ಗುಂಯ್‌ಗುಡುವಿಕೆಯನ್ನೂ ಕೇಳಿಸಿಕೊಳ್ಳುವುದು. ಎಚ್‌ವಿ 20ನ್ನು ಪರೀಕ್ಷಿಸಿದವರಲ್ಲಿ ಹಲವರು ಈ ದೋಷವನ್ನು ಎತ್ತಿ ಹೇಳಿದ್ದಾರೆ. ರಾತ್ರಿ ಊರು ಮಲಗಿದ ಮೇಲೆ, ಬಾಗಿಲು ಹಾಕಿದ ಕೋಣೆಯಲ್ಲಿ ಐದು ಮಿನಿಟಿನ ಮೌನವನ್ನು ಮುದ್ರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಯಾವ ಟೇಪು ಯಂತ್ರದ ನಿಜವೂ ಹೊರಬೀಳುತ್ತದೆ. ಹೊರಗಿನ ಮೈಕನ್ನು ಜೋಡಿಸಲು ಈ ಯಂತ್ರದಲ್ಲಿ ಕಿಂಡಿ ಇತ್ತು. ಅದೊಂದಿದ್ದುದರಿಂದ ಈ ಕುಂದು ಕ್ಷಮಾರ್ಹವಾಯಿತು.

ಕೈಗೆ ಒಗ್ಗುವ ವಿಚಾರದಲ್ಲಿ ಹೊಗಳುವುದು ಕಡಿಮೆ. ಮೈ ಪ್ಲಾಸ್ಟಿಕ್ಕಿನದು, ಜೂಮಿನ ಸನ್ನೆಯು ಕಿರಿದು, ಬಿಂಬವನ್ನು ಸ್ಫುಟಗೊಳಿಸುವ ಚಕ್ರವು ಹೆಬ್ಬೆರಳಿನ ತುದಿಗಿಂತ ದೊಡ್ಡದಲ್ಲ. ತೆರವನ್ನು ನಾವು ಗೊತ್ತುಮಾಡಿದರೆ ಷಟರನ್ನು ಯಂತ್ರವು ಆರಿಸುತ್ತದೆ, ಷಟರನ್ನು ನಾವು ಹಿಡಿದರೆ ತೆರವನ್ನು ಅದು ಆರಿಸುತ್ತದೆ. ಎರಡನ್ನೂ ಒಟ್ಟಿಗೆ ನಮ್ಮ ಕೈಗೆ ಒಪ್ಪಿಸುವುದಿಲ್ಲ. ಮುಂಭಾಗದಲ್ಲಿರುವ ಪ್ರತ್ಯೇಕವಾದ ಒಂದು ಸಂವೇದಕದಿಂದ ದೂರವನ್ನು ಅಳೆದು ಬಿಂಬವನ್ನು ಕ್ಷಣಾರ್ಧದಲ್ಲಿ ಸ್ಫುಟಗೊಳಿಸುವ ಏರ್ಪಾಡು ಮಾತ್ರ ಸೊಗಸಾದುದು. ಆದರೆ ಅಗಲದೃಷ್ಟಿಯ ಹೆಚ್ಚುವರಿ ಮಸೂರವನ್ನು ತೊಡಿಸಿದಾಗ ಅದು ಆ ಸಂವೇದಕಕ್ಕೆ ಅಡ್ಡವಾಗುವುದರಿಂದ, ಮೆನುವಿನಲ್ಲಿ ಸಾಮಾನ್ಯ ವಿಧಾನಕ್ಕೆ ಬದಲಾಯಿಸಿಕೊಳ್ಳಬೇಕು.

ಇಷ್ಟನ್ನೂ ತೂಗಿ ನೋಡಿದ ಮೇಲೆ ನನ್ನ ತೀರ್ಮಾನ ಇದು: ಎಚ್‌ವಿ 20 ತನ್ನ ಮೈಗಿಂತ ಚಿತ್ರವು ಮೇಲಾದ ಯಂತ್ರ. ಅದು ಬಂದ ಕಾಲಕ್ಕೆ, 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಪ್ರಕಟಿಸಿದ ಎವಿಸಿಎಚ್‌ಡಿ ಎಂಬ ಟೇಪಿಲ್ಲದ ಕ್ರಮವು ಆಗಲೇ ಕಾಲೂರುತ್ತಿತ್ತಾದರೂ, ಅದರ ಅಡಕವನ್ನು ಬಿಚ್ಚಿ ಸಂಕಲನ ಮಾಡಲು ಅಂದಿನ ಮನೆಯ ಕಂಪ್ಯೂಟರುಗಳು ತಿಣುಕುತ್ತಿದ್ದುವು. ಎಚ್‌ಡಿವಿಯನ್ನು ಅವು ಸಲೀಸಾಗಿ ನಿಭಾಯಿಸುತ್ತಿದ್ದುವು. ಮೇಲಾಗಿ, ಚಿತ್ರಿಸಿ ಮುಗಿಸಿದ ಕ್ಯಾಸೆಟ್ಟೇ ಮೂಲಪ್ರತಿಯಾಗಿ ಉಳಿಯುತ್ತಿತ್ತು. ಮೆಮೊರಿ ಕಾರ್ಡನ್ನು ಅಳಿಸಿ ಮತ್ತೆ ತುಂಬುವ ಆತುರದಲ್ಲಿ ಕಳೆದುಹೋದ ನೆನಪುಗಳಿಗೆ ಲೆಕ್ಕವಿಲ್ಲವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಇದರ ತರುವಾಯ 2008ರಲ್ಲಿ ಎಚ್‌ವಿ 30, 2009ರಲ್ಲಿ ಎಚ್‌ವಿ 40 ಬಂದುವು. ಅಲ್ಲಿಗೆ ಆ ವಂಶ ನಿಂತಿತು.

ಈಗ ಆ ಕ್ಯಾಸೆಟ್ಟುಗಳನ್ನು ಓದಬಲ್ಲ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವುಗಳ ರಬ್ಬರಿನ ಉರುಳೆಗಳು ಬಿರುಸಾಗುತ್ತಿವೆ. ಅವುಗಳಿಂದ ಚಿತ್ರವನ್ನು ಇಳಿಸಿಕೊಳ್ಳಲು ಬೇಕಾದ ಫೈರ್‌ವೈರ್ ಕಿಂಡಿಯನ್ನು ಹೊಸ ಕಂಪ್ಯೂಟರುಗಳಲ್ಲಿ ಇಡುವುದನ್ನು ಕೈಬಿಟ್ಟಿದ್ದಾರೆ. ಮಲೆನಾಡಿನ, ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಆದುದರಿಂದ, ಮನೆಯ ಬೀರುವಿನಲ್ಲಿ ಇಂತಹ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡಿರುವ ಓದುಗರಲ್ಲಿ ನನ್ನ ಬಿನ್ನಹ: ಬರುವ ಮಳೆಗಾಲಕ್ಕೆ ಮುನ್ನ ಅವುಗಳನ್ನು ಹೊರಗೆ ತೆಗೆಯಿರಿ; ಬಂಧುಮಿತ್ರರಲ್ಲಿ ಯಾರ ಬಳಿಯಾದರೂ ನಡೆಯುವ ಸ್ಥಿತಿಯ ಯಂತ್ರವಿದ್ದರೆ ಕೇಳಿ ತನ್ನಿರಿ; ತೀರಿಹೋದವರ ದನಿಯಿರುವ ಕ್ಯಾಸೆಟ್ಟನ್ನು ಎಲ್ಲಕ್ಕಿಂತ ಮೊದಲು ಹಾಕಿರಿ. ಒಂದು ಗಂಟೆಯ ಕ್ಯಾಸೆಟ್ಟನ್ನು ಇಳಿಸಿಕೊಳ್ಳಲು ಒಂದು ಗಂಟೆಯೇ ಹಿಡಿಯುತ್ತದೆ, ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾಗುವ ಸ್ಥಳ ಸುಮಾರು 11 ಗಿಗಾಬೈಟುಗಳು.